ಸಿಂಪ್ಸನ್ಸ್‌ನ ಗೋಲೆಮ್ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಪ್ಸನ್ಸ್ ಕಾರ್ಟೂನಿನ ಒಂದು ಕಂತಿನಲ್ಲಿ ಗೋಲೆಮ್ ಅನ್ನುವ ಮಣ್ಣಿನ ದೈತ್ಯನೊಬ್ಬ ಬರುತ್ತಾನೆ. ಬಾಯಿಗೆ ಚೀಟಿ ಹಾಕಿದರೆ ಅದರಲ್ಲಿ ಬರೆದ ಕೆಲಸ ಮಾಡುತ್ತಾನೆ. ನೋಡಿದವರೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ಗಂಟಲು ಕಟ್ಟಿತು, ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ. ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ಮೊದಲು ನೋಡಬೇಕು ಅನ್ನುವವರು ನೋಡಿ ಬನ್ನಿ, ಚಿಕ್ಕದೇ ಇದೆ.

ಇದು ಯಾವ ಕಂತು?

'ಟ್ರೀಹೌಸ್ ಆಫ್ ಹಾರರ್' ಸರಣಿಯ ಹದಿನೇಳನೆಯದು. 18ನೇ ಸೀಸನ್ನಿನ 4ನೇ ಕಂತು. ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ 2006ರ ನವೆಂಬರ್ 5ರಂದು ಬಂತು. ಸಿಂಪ್ಸನ್ಸ್‌ನವರು 1990ರಿಂದ ವರ್ಷಕ್ಕೊಂದು ಹ್ಯಾಲೋವೀನ್ (ಅಮೆರಿಕದವರ ದೆವ್ವದ ಹಬ್ಬ) ಕಂತು ಮಾಡುತ್ತಾರೆ. ಒಂದೊಂದರಲ್ಲೂ ಸಾಮಾನ್ಯವಾಗಿ ಮೂರು ಪುಟ್ಟ ಕಥೆ. ಇವುಗಳಲ್ಲಿ ಯಾರು ಬೇಕಾದರೂ ಸಾಯಬಹುದು, ಮುಂದಿನ ವಾರ ಎಲ್ಲರೂ ಎದ್ದು ಬಂದಿರುತ್ತಾರೆ. ನಮ್ಮ ಗೋಲೆಮ್ ಇರುವುದು ಇದರ ನಡುವಿನ ಕಥೆಯಲ್ಲಿ.

ಆ ಕಥೆಯ ಹೆಸರು 'ಯು ಗಾಟ ನೋ ವೆನ್ ಟು ಗೋಲೆಮ್'. ಕೆನ್ನಿ ರೋಜರ್ಸ್ ಹಾಡಿದ 'ದಿ ಗ್ಯಾಂಬ್ಲರ್' ಅನ್ನುವ ಇಸ್ಪೀಟಿನ ಹಾಡಿದೆಯಲ್ಲ, ಅದರ 'ಹೋಲ್ಡೆಮ್' ಅನ್ನುವ ಮಾತನ್ನು ತಿರುಚಿ 'ಗೋಲೆಮ್' ಮಾಡಿದ್ದಾರೆ. ಹಾಡು ಗೊತ್ತಿಲ್ಲದಿದ್ದರೆ ನಗು ಬರುವುದಿಲ್ಲ. ನನಗೂ ಬಂದಿರಲಿಲ್ಲ.

ಹ್ಯಾಲೋವೀನ್ ಅಕ್ಟೋಬರ್ 31ಕ್ಕೆ ಅಲ್ವಾ? ನವೆಂಬರ್‌ನಲ್ಲಿ ಯಾಕೆ ಹಾಕಿದರು?

ಬೇಸ್‌ಬಾಲ್. ಅಕ್ಟೋಬರ್ ಕೊನೆಗೆ ಫಾಕ್ಸ್‌ನಲ್ಲಿ ವರ್ಲ್ಡ್ ಸೀರೀಸ್ ಪಂದ್ಯಗಳು ಇರುತ್ತಿದ್ದವು, ಹಾಗಾಗಿ ಎಷ್ಟೋ ವರ್ಷ ದೆವ್ವಗಳು ಹಬ್ಬ ಮುಗಿದ ಮೇಲೆ ಬಂದವು.

ಕಥೆ ಏನು, ಬೇಗ ಹೇಳಿ.

ಸಿಂಪ್ಸನ್ ಮನೆಯ ತುಂಟ ಹುಡುಗ ಬಾರ್ಟ್ ಹೋಗಿ, ಟಿವಿಯಲ್ಲಿ ಬರುವ ಕ್ರಸ್ಟಿ ಜೋಕರ್‌ನ ಸ್ಟುಡಿಯೋದಲ್ಲಿ ಹಳೇ ಸಾಮಾನಿನ ನಡುವೆ ಒಂದು ದೊಡ್ಡ ಮಣ್ಣಿನ ಆಳನ್ನು ನೋಡುತ್ತಾನೆ. ಇದು ಪ್ರಾಗ್ ನಗರದ ಗೋಲೆಮ್, ಚೀಟಿಯಲ್ಲಿ ಬರೆದು ಬಾಯಿಗೆ ಹಾಕಿದರೆ ಹೇಳಿದ್ದು ಮಾಡುತ್ತೆ ಅಂತ ಕ್ರಸ್ಟಿ ಹೇಳುತ್ತಾನೆ. ಹತ್ತು ವರ್ಷದ ಹುಡುಗನ ಕೈಗೆ ಇಂಥದ್ದು ಸಿಕ್ಕರೆ ಬಿಡುತ್ತಾನಾ? ಒಂದು ಚೀಟಿ ಬರೆದು ಗೋಲೆಮ್ ತಾನಾಗಿಯೇ ಮನೆಗೆ ಬರುವ ಹಾಗೆ ಮಾಡುತ್ತಾನೆ. ಆಮೇಲೆ ಆಗದವರ ಮೇಲೆಲ್ಲ ಛೂ ಬಿಡುತ್ತಾನೆ. ಪ್ರಿನ್ಸಿಪಾಲ್ ಸ್ಕಿನ್ನರ್ ಗತಿ ಕೇಳಬೇಡಿ.

ತಂಗಿ ಲೀಸಾಗೆ ಅನುಮಾನ. ಇದಕ್ಕೆ ಈ ಕೆಲಸ ಇಷ್ಟ ಇದೆಯಾ ಅಂತ ಯಾರಾದರೂ ಕೇಳಿದ್ದೀರಾ? ಅವಳು 'ಮಾತಾಡು' ಅಂತ ಬರೆದು ಬಾಯಿಗೆ ಹಾಕುತ್ತಾಳೆ. ಗೋಲೆಮ್ ಬಾಯಿ ಬಿಡುತ್ತದೆ, ಬಿಟ್ಟಿದ್ದೇ ಗೋಳು ಶುರು. ನನ್ನ ಕೈಯಲ್ಲಿ ಏನೇನೆಲ್ಲ ಮಾಡಿಸಿದರು, ಎಂಥ ಪಾಪ ಅಂಟಿತು ಅಂತ. ಅದನ್ನು ಸಮಾಧಾನ ಮಾಡಲು ಮನೆಯವರು ಮಕ್ಕಳು ಆಡುವ ಪ್ಲೇ-ಡೋ ಹಿಟ್ಟಿನಲ್ಲಿ ಒಂದು ಹೆಣ್ಣು ಗೋಲೆಮ್ ಮಾಡುತ್ತಾರೆ. ಮದುವೆ ಆಗುತ್ತದೆ. ಕೊಲೆ ಕೇಸಿನಲ್ಲಿ ಹಿಡಿಯಲು ಬಂದ ಪೊಲೀಸ್ ಮುಖ್ಯಸ್ಥ ವಿಗ್ಗಮ್‌ಗೆ ಮದುಮಗಳು ಲಾಟ್ಕೆ (ಆಲೂಗಡ್ಡೆ ವಡೆ) ತಿನ್ನಿಸುವ ಆಸೆ ತೋರಿಸುತ್ತಾಳೆ. ಕೇಸು ಅಲ್ಲಿಗೆ ಖುಲಾಸೆ.

ಗೋಲೆಮ್ ಅಂದರೇನು? ಲಾರ್ಡ್ ಆಫ್ ದಿ ರಿಂಗ್ಸ್‌ನ ಗೊಲ್ಲಮ್ ಇದೇನಾ?

ಅಲ್ಲ. ಆ ಗೊಲ್ಲಮ್‌ಗೆ ಹೆಸರು ಬಂದಿದ್ದು ಅವನು ಗಂಟಲಲ್ಲಿ ಮಾಡುವ ಗುಳುಗುಳು ಸದ್ದಿನಿಂದ.

ಗೋಲೆಮ್ ಹೀಬ್ರೂ ಪದ. ಬೈಬಲ್ಲಿನ 139ನೇ ಕೀರ್ತನೆಯಲ್ಲಿ ಒಂದು ಕಡೆ ಬರುತ್ತದೆ, ಇನ್ನೂ ರೂಪ ಬರದ ನನ್ನ ದೇಹವನ್ನು ನೀನು ನೋಡಿದೆ ಅಂತ ಭಕ್ತ ದೇವರಿಗೆ ಹೇಳುವ ಜಾಗ. ಅಂದರೆ ಇನ್ನೂ ಮುಗಿಯದ ವಸ್ತು, ತಿಗರಿಯ ಮೇಲೆ ಕೂತಿರುವ, ಮಡಕೆ ಆಗದ ಮಣ್ಣಿನ ಮುದ್ದೆ ಇದ್ದ ಹಾಗೆ. ದೇವರು ಆದಮನನ್ನು ಮಾಡುವಾಗ ಉಸಿರು ತುಂಬುವ ಮೊದಲು ಅವನೂ ಸ್ವಲ್ಪ ಹೊತ್ತು ಗೋಲೆಮ್ ಆಗಿದ್ದ ಅಂತ ಯಹೂದಿಗಳ ತಾಲ್ಮುಡ್ ಗ್ರಂಥ ಹೇಳುತ್ತದೆ. ಯಿಡ್ಡಿಶ್ (ಯುರೋಪಿನ ಯಹೂದಿಗಳ ಆಡುಮಾತು) ಮಾತಾಡುವವರು ಪೆದ್ದು ಪೆದ್ದಾಗಿ ಇರುವವನನ್ನು 'ಗೊಯ್ಲೆಮ್' ಅಂತ ಬೈಯುತ್ತಾರೆ, ನಾವು ಮಣ್ಣಿನ ಮುದ್ದೆ ಅನ್ನೋದಿಲ್ವಾ, ಹಾಗೆ. ಇವತ್ತಿನ ಹೀಬ್ರೂನಲ್ಲಿ ಚಿಟ್ಟೆಯ ಪೊರೆಹುಳುವಿಗೂ ಇದೇ ಪದ.

ಜೋಕರ್ ಹತ್ತಿರ ಅದು ಯಾಕಿತ್ತು?

ಯಾಕೆಂದರೆ ಕ್ರಸ್ಟಿ ಯಹೂದಿ. ನಿಜವಾದ ಹೆಸರು ಹರ್ಷೆಲ್ ಕ್ರಸ್ಟೋಫ್ಸ್ಕಿ. ಅಪ್ಪ ರಬ್ಬಿ, ಅಂದರೆ ಯಹೂದಿ ಧರ್ಮಗುರು. ಮಗ ಬಣ್ಣ ಹಚ್ಚಿಕೊಂಡು ಜೋಕರ್ ಆದ ಅಂತ ಅಪ್ಪ ಮಾತು ಬಿಟ್ಟಿದ್ದರು. ಇದೆಲ್ಲ 1991ರ ಒಂದು ಕಂತಿನಲ್ಲಿದೆ. ಅದರಲ್ಲಿ ಅಪ್ಪನಿಗೆ ದನಿ ಕೊಟ್ಟಿದ್ದು ಜ್ಯಾಕಿ ಮೇಸನ್. ಈ ಮನುಷ್ಯ ನಿಜಜೀವನದಲ್ಲೂ ರಬ್ಬಿಗಳ ಮನೆತನದವರು, ಸ್ವತಃ ರಬ್ಬಿ ದೀಕ್ಷೆ ತೆಗೆದುಕೊಂಡು ಆಮೇಲೆ ನಗಿಸುವ ಕೆಲಸಕ್ಕೆ ಬಂದವರು. ಆ ಪಾತ್ರಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು. ಗೋಲೆಮ್ ಕಥೆ ನೋಡುವ ಮೊದಲು ಆ ಕಂತು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಇದಕ್ಕಿಂತ ಅದೇ ಚೆನ್ನಾಗಿದೆ.

ಬಾಯಿಗೆ ಚೀಟಿ ಹಾಕುವುದು ಕಾರ್ಟೂನಿನವರ ಕಲ್ಪನೆಯಾ?

ಅರ್ಧ. ಪ್ರಾಗ್‌ನ ಜನಪ್ರಿಯ ಕಥೆಯಲ್ಲಿ ಗೋಲೆಮ್‌ನ ನಾಲಿಗೆಯ ಕೆಳಗೆ ಒಂದು ಚರ್ಮದ ಚೀಟಿ ಇಡುತ್ತಾರೆ. ಅದಕ್ಕೆ 'ಶೆಮ್' ಅನ್ನುತ್ತಾರೆ, ಹಾಗೆಂದರೆ 'ಹೆಸರು'. ಅದರ ಮೇಲೆ ಇರುವುದು ದೇವರ ಹೆಸರು. ಚೀಟಿ ಇದ್ದರೆ ಜೀವ, ತೆಗೆದರೆ ಮಣ್ಣು. ಕೆಲಸದ ಪಟ್ಟಿಯನ್ನು ಅದರಲ್ಲಿ ಬರೆಯುವುದಿಲ್ಲ, ಬಾಯಲ್ಲೇ ಹೇಳುತ್ತಾರೆ. ದೇವರ ಹೆಸರಿದ್ದ ಜಾಗದಲ್ಲಿ ಬಾರ್ಟ್‌ನ ಕಾಗೆಕಾಲು ಅಕ್ಷರ ಬಂದು ಕೂತಿರುವುದೇ ಇಲ್ಲಿನ ತಮಾಷೆ.

ಇನ್ನೊಂದು ವಿಧಾನವೂ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಹಣೆಯ ಮೇಲೆ ಮೂರು ಅಕ್ಷರ ಬರೆಯುವುದು: ಆಲೆಫ್, ಮೆಮ್, ತಾವ್. ಸೇರಿಸಿ ಓದಿದರೆ 'ಎಮೆತ್', ಅಂದರೆ ಸತ್ಯ. ಗೋಲೆಮ್ ಎದ್ದು ನಿಲ್ಲುತ್ತದೆ. ಮೊದಲ ಅಕ್ಷರ ಆಲೆಫ್ ಅಳಿಸಿದರೆ ಉಳಿಯುವುದು 'ಮೆತ್', ಅಂದರೆ ಸತ್ತ. ಗೋಲೆಮ್ ಕುಸಿಯುತ್ತದೆ. ಇದನ್ನು ಮೊದಲು ಓದಿದಾಗ ನಾನು ಪೆನ್ನು ತಗೊಂಡು ಕನ್ನಡದಲ್ಲಿ ಹೀಗೆ ಏನಾದರೂ ಸಿಗುತ್ತಾ ಅಂತ ಗೀಚುತ್ತಾ ಕೂತೆ. 'ಅಮೃತ' ಅಂತ ಬರೆದು 'ಅ' ಹೊಡೆದುಹಾಕಿದೆ. ಮೃತ! ಆಲೆಫ್ ಅಂದರೂ ಅಕ್ಷರಮಾಲೆಯ ಮೊದಲ ಅಕ್ಷರವೇ, ನಮ್ಮ ಅಕಾರದ ಹಾಗೆ. ಭಾಷೆಗಳಿಗೆ ಸಂಬಂಧ ಇಲ್ಲ, ಸುಮ್ನೆ ಕಾಕತಾಳೀಯ. ಆದರೂ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಈ ಅಕ್ಷರದ ಕಥೆ ಪೋಲೆಂಡಿನ ಖೆಲ್ಮ್ ಊರಿನ ಎಲಿಯಾ ಅನ್ನುವ ರಬ್ಬಿಯ ಹೆಸರಲ್ಲಿ ಓಡಾಡುತ್ತಿತ್ತು. ಅವರ ಗೋಲೆಮ್ ದಿನದಿಂದ ದಿನಕ್ಕೆ ಬೆಳೆದು ಕೊನೆಗೆ ಹಣೆ ಎಟುಕದ ಹಾಗಾಯಿತು. 'ಬಂದು ನನ್ನ ಬೂಟು ಬಿಚ್ಚು' ಅಂದರು. ಅದು ಬಗ್ಗಿತು. ಅವರು ಅಕ್ಷರ ಅಳಿಸಿದರು. ಅಷ್ಟೂ ಮಣ್ಣು ಅವರ ಮೇಲೇ ಬಿತ್ತು. ಇಂಥದೇ ಒಂದು ಕಥೆಯನ್ನು ಗ್ರಿಮ್ ಸಹೋದರರಲ್ಲಿ ದೊಡ್ಡವರಾದ ಯಾಕೋಬ್ 1808ರಲ್ಲಿ ಜರ್ಮನ್ ಭಾಷೆಯಲ್ಲಿ ಅಚ್ಚು ಹಾಕಿಸಿದರು.

ಹಳೆಯ ಕಥೆಯಲ್ಲಿ ಗೋಲೆಮ್ ಮಾತಾಡುತ್ತಾ?

ಇಲ್ಲ. ಈ ಪ್ರಶ್ನೆ ಕೇಳಿದ್ದು ನನ್ನ ಅಕ್ಕನ ಮಗಳು. ಪಕ್ಕದಲ್ಲಿ ಕೂತು ನೋಡುತ್ತಿದ್ದವಳು, "ಮಾಮಾ, ಅದಕ್ಕೆ ಚೀಟಿ ನುಂಗೋಕೆ ಬಾಯಿ ಇದೆ, ಮಾತಾಡೋಕೆ ಯಾಕಿಲ್ಲ?" ಅಂದಳು. ಆವಾಗ ಏನೋ ಹಾರಿಕೆಯ ಉತ್ತರ ಕೊಟ್ಟೆ. ಆಮೇಲೆ ಯೋಚನೆ ಮಾಡಿದರೆ ಇಡೀ ಕಥೆಯ ಜುಟ್ಟು ಇರುವುದೇ ಅಲ್ಲಿ.

ತಾಲ್ಮುಡ್‌ನ ಸನ್‌ಹೆದ್ರಿನ್ ಭಾಗದಲ್ಲಿ ಮೂರ್ನಾಲ್ಕು ಸಾಲಿನ ಒಂದು ಪ್ರಸಂಗ ಇದೆ. ರಾವಾ ಅನ್ನುವ ಪಂಡಿತರು ಒಬ್ಬ ಮನುಷ್ಯನನ್ನು ಮಾಡಿ ರಬ್ಬಿ ಜೇರಾ ಅವರ ಹತ್ತಿರ ಕಳಿಸುತ್ತಾರೆ. ಜೇರಾ ಅವನನ್ನು ಮಾತಾಡಿಸುತ್ತಾರೆ. ಅವನು ಸುಮ್ಮನೆ ನಿಂತಿದ್ದಾನೆ. ಜೇರಾಗೆ ತಕ್ಷಣ ಗೊತ್ತಾಗುತ್ತದೆ. ನಿನ್ನನ್ನು ಮಾಡಿದ್ದು ನಮ್ಮವರೇ, ಹೋಗು, ನಿನ್ನ ಮಣ್ಣಿಗೆ ವಾಪಸ್ ಹೋಗು ಅನ್ನುತ್ತಾರೆ. ಅಷ್ಟೇ ಕಥೆ. ಮನುಷ್ಯ ಎಷ್ಟೇ ದೊಡ್ಡ ಪಂಡಿತನಾದರೂ ಕೈಕಾಲು ಮಾಡಬಹುದು, ನಡೆಸಬಹುದು, ಮಾತು ಕೊಡಲು ಆಗುವುದಿಲ್ಲ. ಮಾತು ದೇವರ ಖಾತೆಯದು.

ಅಲ್ಲೇ ಪಕ್ಕದಲ್ಲಿ ಇನ್ನೊಂದು ಮಜಾ ಪ್ರಸಂಗ. ಇಬ್ಬರು ಪಂಡಿತರು ಪ್ರತಿ ಶುಕ್ರವಾರ ಕೂತು ಸೃಷ್ಟಿಯ ವಿದ್ಯೆ ಓದಿ ಒಂದು ಕರು ಮಾಡುತ್ತಿದ್ದರು, ಮಾಡಿ ಹಬ್ಬದೂಟಕ್ಕೆ ತಿಂದುಬಿಡುತ್ತಿದ್ದರು. ಇದಕ್ಕೆ ಯಾರೂ ಬೇಜಾರು ಮಾಡಿಕೊಂಡ ಹಾಗೆ ಕಾಣುವುದಿಲ್ಲ.

ಈಗ ಲೀಸಾ ಹಾಕಿದ ಚೀಟಿ ಜ್ಞಾಪಿಸಿಕೊಳ್ಳಿ. ಪಂಡಿತರ ಕೈಯಲ್ಲಿ ಆಗದ್ದನ್ನು ಎಂಟು ವರ್ಷದ ಹುಡುಗಿ ಒಂದೇ ಪದದಲ್ಲಿ ಮಾಡಿದಳು. ಅಲ್ಲಿಯವರೆಗೆ ಅದು ಆಳು, ಯಂತ್ರ, ಬಾರ್ಟ್‌ನ ಕೈಯ ಕೋಲು. ಮಾತು ಬಂದ ಮರುಕ್ಷಣ ಅದಕ್ಕೆ ನೆನಪು ಬಂತು, ನೆನಪಿನ ಜೊತೆ ಪಾಪಪ್ರಜ್ಞೆ ಬಂತು, ಗೊಣಗಾಟವೂ ಬಂತು. ಬರೆದವರು ತಾಲ್ಮುಡ್ ತೆಗೆದು ನೋಡಿದ್ದರೋ ಇಲ್ಲವೋ, ಗುರಿಗೆ ಸರಿಯಾಗಿ ಹೊಡೆದಿದ್ದಾರೆ.

ಗೋಲೆಮ್‌ಗೆ ದನಿ ಯಾರದ್ದು?

ರಿಚರ್ಡ್ ಲೂಯಿಸ್. ವೇದಿಕೆಯ ಮೇಲೆ ಕಪ್ಪು ಬಟ್ಟೆ ಹಾಕಿಕೊಂಡು, ತಲೆ ಹಿಡಿದುಕೊಂಡು, ತನ್ನ ಭಯ, ಕಾಯಿಲೆ, ಅಮ್ಮ, ಮುರಿದ ಪ್ರೀತಿ ಎಲ್ಲ ಹೇಳಿಕೊಂಡು ಗೋಳಾಡಿಯೇ ಜನರನ್ನು ನಗಿಸಿದ ಯಹೂದಿ ಹಾಸ್ಯಗಾರ. 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ನೂರಾರು ವರ್ಷ ತುಟಿ ಬಿಚ್ಚದ ದೈತ್ಯ ಕೊನೆಗೂ ಬಾಯಿ ತೆಗೆದರೆ ಸಿಂಹಗರ್ಜನೆ ಬರುತ್ತೆ ಅಂತ ಕಾಯುತ್ತೀರಿ, ಬರುವುದು ಈ ಮನುಷ್ಯನ ಕೊರಗು. ಈ ಆಯ್ಕೆ ಒಂದಕ್ಕೇ ಅವರಿಗೆ ಒಂದು ಸಲಾಂ.

ಹೆಣ್ಣು ಗೋಲೆಮ್‌ಗೆ ದನಿ ಫ್ರಾನ್ ಡ್ರೆಶರ್, 'ದಿ ನ್ಯಾನಿ' ಧಾರಾವಾಹಿಯವರು. ಮೂಗಿನಲ್ಲಿ ಎಳೆಯುವ ಆ ನ್ಯೂಯಾರ್ಕ್ ದನಿ ಒಮ್ಮೆ ಕೇಳಿದರೆ ಕಿವಿಯಿಂದ ಹೋಗುವುದಿಲ್ಲ.

ಪ್ರಾಗ್ ಯಾಕೆ? ಅಲ್ಲಿ ನಿಜವಾಗಿ ಏನಾದರೂ ನಡೆದಿತ್ತಾ?

ಪ್ರಾಗ್‌ನ ಗೋಲೆಮ್ ಮಾಡಿದರು ಅಂತ ಕಥೆ ಹೇಳುವ ರಬ್ಬಿ ನಿಜ, ಗೋಲೆಮ್ ಆಮೇಲೆ ಅಂಟಿದ್ದು. ಯೂದಾ ಲೋವ್ ಬೆನ್ ಬೆಜಲೆಲ್ ಅಂತ, ಜನ ಕರೆಯುವುದು ಮಹಾರಾಲ್ ಅಂತ. ದೊಡ್ಡ ವಿದ್ವಾಂಸರು. 1609ರಲ್ಲಿ ಪ್ರಾಗ್‌ನಲ್ಲಿ ತೀರಿಕೊಂಡರು, ಅಲ್ಲಿನ ಹಳೆಯ ಯಹೂದಿ ಸ್ಮಶಾನದಲ್ಲಿ ಅವರ ಸಮಾಧಿ ಇದೆ. 1592ರಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫ್ ಅವರನ್ನು ಕರೆಸಿ ಮಾತಾಡಿದ್ದ. ರುಡಾಲ್ಫ್‌ಗೆ ರಸವಿದ್ಯೆ, ಜ್ಯೋತಿಷ್ಯ, ಮಾಟಮಂತ್ರದ ಹುಚ್ಚು. ಆ ಭೇಟಿಯನ್ನು ಅದೇ ಊರಿನ ಡೇವಿಡ್ ಗಾನ್ಸ್ ತಮ್ಮ ಇತಿಹಾಸದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಗೋಲೆಮ್ ಬಗ್ಗೆ ಒಂದಕ್ಷರ ಇಲ್ಲ. ಮನೆ ಪಕ್ಕ ಅಂಥದ್ದೊಂದು ಓಡಾಡಿದ್ದರೆ ಬರೆಯದೆ ಬಿಡುತ್ತಿದ್ದರಾ?

ಮಹಾರಾಲ್ ಜೊತೆ ಗೋಲೆಮ್ ಅಚ್ಚಿನಲ್ಲಿ ಕಾಣಿಸುವುದು 19ನೇ ಶತಮಾನದಲ್ಲಿ, ಅವರು ಹೋಗಿ ಇನ್ನೂರು ವರ್ಷಕ್ಕೂ ಜಾಸ್ತಿ ಆದ ಮೇಲೆ. ಇವತ್ತು ಎಲ್ಲರಿಗೂ ಗೊತ್ತಿರುವ ರೂಪ ಕೊಟ್ಟಿದ್ದು ಪೋಲೆಂಡಿನ ರಬ್ಬಿ ಯೂದೆಲ್ ರೋಸೆನ್‌ಬರ್ಗ್, 1909ರಲ್ಲಿ. ಮಹಾರಾಲ್ ಅವರ ಅಳಿಯ ಬರೆದಿಟ್ಟ ಹಳೆಯ ಹಸ್ತಪ್ರತಿ ಸಿಕ್ಕಿತು ಅಂತ ಹೇಳಿಕೊಂಡು ಪುಸ್ತಕ ತಂದರು. ಹಸ್ತಪ್ರತಿ ಇರಲಿಲ್ಲ, ಕಥೆ ಅವರದ್ದೇ.

ಮಹಾರಾಲ್ ಗೋಲೆಮ್ ಮಾಡಿದ್ದು ಯಾಕೆ? ಬಾರ್ಟ್ ಥರ ಸೇಡಿಗಾ?

ರಕ್ಷಣೆಗೆ. ಇಲ್ಲಿ ಸ್ವಲ್ಪ ನಗು ನಿಲ್ಲಿಸಬೇಕು. ಯುರೋಪಿನಲ್ಲಿ ನೂರಾರು ವರ್ಷ ಯಹೂದಿಗಳ ಮೇಲೆ ಒಂದು ಸುಳ್ಳು ಹೊರಿಸುತ್ತಿದ್ದರು. ಪಾಸೋವರ್ ಹಬ್ಬದ ರೊಟ್ಟಿಗೆ ಕ್ರೈಸ್ತ ಮಕ್ಕಳ ರಕ್ತ ಬೆರೆಸುತ್ತಾರೆ ಅಂತ. ಊರಲ್ಲಿ ಒಂದು ಮಗು ಕಾಣೆಯಾದರೆ ಸಾಕು, ಗುಂಪು ಯಹೂದಿ ಕೇರಿಗೆ ನುಗ್ಗುತ್ತಿತ್ತು. ಯಹೂದಿ ಧರ್ಮದಲ್ಲಿ ಪ್ರಾಣಿಯ ರಕ್ತವನ್ನೂ ತಿನ್ನುವ ಹಾಗಿಲ್ಲ. ಮಾಂಸವನ್ನು ನೆನೆಸಿ, ಉಪ್ಪು ಸವರಿ, ರಕ್ತ ಪೂರ್ತಿ ಇಳಿದ ಮೇಲೇ ಅಡುಗೆ. ಅಂಥವರ ಮೇಲೆ ಈ ಆರೋಪ.

ರೋಸೆನ್‌ಬರ್ಗ್ ಕಥೆಯಲ್ಲಿ ಗೋಲೆಮ್‌ನ ಹೆಸರು ಯೋಸೆಲೆ. ಅವನು ರಾತ್ರಿ ಕೇರಿ ಕಾಯುತ್ತಾನೆ, ಯಾರಾದರೂ ಮಗುವಿನ ಶವ ತಂದು ಯಹೂದಿ ಮನೆಯಲ್ಲಿ ಹಾಕಿ ಸಿಕ್ಕಿಸಲು ಬಂದರೆ ಹಿಡಿಯುತ್ತಾನೆ. ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. ಪುಸ್ತಕ ಬಂದ ಎರಡೇ ವರ್ಷಕ್ಕೆ, 1911ರಲ್ಲಿ, ಕೀವ್‌ನಲ್ಲಿ ಮೆಂಡೆಲ್ ಬೇಲಿಸ್ ಅನ್ನುವವರನ್ನು ಇದೇ ಆರೋಪದ ಮೇಲೆ ಜೈಲಿಗೆ ಹಾಕಿದರು. ಬಿಡುಗಡೆ ಆಗಿದ್ದು 1913ರಲ್ಲಿ. ಓದುಗರಿಗೆ ಆ ಕಾವಲುಗಾರ ಯಾಕೆ ಬೇಕಿತ್ತು ಅಂತ ಆಗ ಅರ್ಥ ಆಗುತ್ತದೆ.

ಸಿಂಪ್ಸನ್ಸ್ ಈ ಭಾಗವನ್ನು ಮುಟ್ಟಿಲ್ಲ ಅಂತಲೇ ಹೇಳಬೇಕು. ಏಳೆಂಟು ನಿಮಿಷದ ಹ್ಯಾಲೋವೀನ್ ತಮಾಷೆಯಲ್ಲಿ ಅದನ್ನು ತುರುಕಿದ್ದರೆ ಕೆಡುತ್ತಿತ್ತು. ಆದರೂ ಕೇರಿ ಕಾಯಲು ಹುಟ್ಟಿದವನು ಪ್ರಿನ್ಸಿಪಾಲರನ್ನು ಗೋಳುಹುಯ್ಯುವುದಕ್ಕೆ ಬಂದನಲ್ಲ ಅಂತ ಒಂಥರಾ ಅನ್ನಿಸುತ್ತದೆ.

ನಮ್ಮ ಭಸ್ಮಾಸುರನ ಕಥೆಯೇ ಅಲ್ವಾ ಇದು?

ಮೇಲ್ನೋಟಕ್ಕೆ ಹೌದು. ಇಸ್ರೇಲಿನಲ್ಲಿ 'ಗೋಲೆಮ್ ಮಾಡಿದವನ ಮೇಲೇ ತಿರುಗಿಬಿತ್ತು' ಅನ್ನುವ ಗಾದೆಯೇ ಇದೆ, ನಾವು ಭಸ್ಮಾಸುರ ಅಂತ ಹೇಳುವ ಜಾಗದಲ್ಲೇ ಬಳಸುತ್ತಾರೆ. ಆದರೆ ಭಸ್ಮಾಸುರನಿಗೆ ದುರಾಸೆ ಇತ್ತು, ಬಾಯಿ ಬಿಟ್ಟು ವರ ಕೇಳಿದ. ಗೋಲೆಮ್ ಏನನ್ನೂ ಕೇಳಿದ್ದಲ್ಲ. ನನಗೆ ಅದಕ್ಕಿಂತ ಹತ್ತಿರ ಕಾಣುವುದು ಪಾರ್ವತಿ ಮೈಯ ಮಣ್ಣಿನಿಂದ ಮಾಡಿ ಬಾಗಿಲಿಗೆ ನಿಲ್ಲಿಸಿದ ಹುಡುಗ. ಯಾರನ್ನೂ ಒಳಗೆ ಬಿಡಬೇಡ ಅಂದರೆ ಶಿವನನ್ನೂ ಬಿಡಲಿಲ್ಲ. ಇಷ್ಟಕ್ಕೇ ನಿಲ್ಲಿಸುತ್ತೇನೆ, ಎಳೆದರೆ ಹರಿಯುತ್ತದೆ.

ಹೆಣ್ಣು ಗೋಲೆಮ್ ಹಳೆಯ ಕಥೆಗಳಲ್ಲಿ ಇದೆಯಾ?

ಒಂದಿದೆ. 11ನೇ ಶತಮಾನದ ಸ್ಪೇನಿನ ಹೀಬ್ರೂ ಕವಿ ಸೊಲೊಮನ್ ಇಬ್ನ್ ಗಬಿರೋಲ್ ಮನೆಗೆಲಸಕ್ಕೆ ಒಬ್ಬ ಹೆಂಗಸನ್ನು ಮಾಡಿಕೊಂಡಿದ್ದರಂತೆ. ಸರ್ಕಾರಕ್ಕೆ ದೂರು ಹೋಯಿತು. ಅವರು ಅವಳನ್ನು ಬಿಚ್ಚಿ, ಇವು ಬರೀ ಮರದ ತುಂಡು ಅಂತ ಜೋಡಿಸಿ ತೋರಿಸಿದರಂತೆ. ಗಂಡು ಗೋಲೆಮ್‌ಗೆ ಊರು ಕಾಯುವ ಕೆಲಸ, ಹೆಣ್ಣಿಗೆ ಕಸ ಗುಡಿಸುವುದು! ಆ ಲೆಕ್ಕದಲ್ಲಿ ಪೊಲೀಸನನ್ನೇ ಒಲಿಸಿಕೊಂಡ ಪ್ಲೇ-ಡೋ ಮದುಮಗಳು ವಾಸಿ.

ಲಾಟ್ಕೆ ಅಂದರೆ?

ಹಸಿ ಆಲೂಗಡ್ಡೆ ತುರಿದು, ನೀರು ಹಿಂಡಿ, ಈರುಳ್ಳಿ ಮೊಟ್ಟೆ ಸ್ವಲ್ಪ ಹಿಟ್ಟು ಕಲಸಿ, ವಡೆ ಥರ ತಟ್ಟಿ ಎಣ್ಣೆಯಲ್ಲಿ ಕರಿದದ್ದು. ಹನುಕ್ಕಾ ಹಬ್ಬದ ತಿಂಡಿ. ಒಂದು ದಿನಕ್ಕೆ ಆಗುವಷ್ಟು ಎಣ್ಣೆ ದೇವಾಲಯದಲ್ಲಿ ಎಂಟು ದಿನ ಉರಿಯಿತು ಅನ್ನುವುದು ಆ ಹಬ್ಬದ ಕಥೆ, ಅದಕ್ಕೇ ಎಣ್ಣೆ ತಿಂಡಿ. ಸೇಬಿನ ಗೊಜ್ಜಿನ ಜೊತೆ ತಿನ್ನುತ್ತಾರೆ. ನಾನು ಮನೆಯಲ್ಲಿ ಮಾಡಿದೆ, ನೀರು ಸರಿಯಾಗಿ ಹಿಂಡದೆ ಬಾಣಲೆಯಲ್ಲೇ ಚೂರುಚೂರಾಯಿತು.

ಆ ಗೋಲೆಮ್‌ನ ತಲೆ ಯಾಕೆ ಹೆಲ್ಮೆಟ್ ಹಾಕಿದ ಹಾಗಿದೆ?

1920ರಲ್ಲಿ ಪಾಲ್ ವೇಗನರ್ ಮಾಡಿದ ಜರ್ಮನ್ ಮೂಕಿ ಚಿತ್ರದಿಂದ ತಂದದ್ದು. ಅದರಲ್ಲಿ ಗೋಲೆಮ್ ಆಗಿ ಅವರೇ ನಟಿಸಿದ್ದರು. ಗಟ್ಟಿ ಕೂದಲು, ಅಗಲ ಭುಜ, ದಪ್ಪ ಬೆಲ್ಟು. ಅದರಲ್ಲಿ ಜೀವ ಇರುವುದು ಎದೆಯ ಮೇಲಿನ ನಕ್ಷತ್ರದಲ್ಲಿ. ಕೊನೆಗೆ ಗೋಲೆಮ್ ಎತ್ತಿಕೊಂಡ ಒಂದು ಪುಟ್ಟ ಹುಡುಗಿ ಆಟ ಆಡುತ್ತಾ ಅದನ್ನು ಕಿತ್ತುಬಿಡುತ್ತಾಳೆ. ಮೂಕಿ ಚಿತ್ರವಾದ್ದರಿಂದ ಅಲ್ಲಿ ಎಲ್ಲರೂ ಮೂಕರೇ ಅನ್ನಿ.

ಇದು ಯಹೂದಿಗಳನ್ನು ಗೇಲಿ ಮಾಡಿದ ಹಾಗಲ್ವಾ?

ಈ ಹಾಸ್ಯ ಬಂದಿರುವುದೇ ಯಹೂದಿ ಹಾಸ್ಯಗಾರರ ಮನೆಯಿಂದ. ತಮ್ಮ ಗೋಳನ್ನು ತಾವೇ ಆಡಿಕೊಂಡು ನಗುವುದು ಅಲ್ಲಿನ ರೂಢಿ, ದನಿ ಕೊಟ್ಟ ಇಬ್ಬರೂ ಅವರೇ. ಮದುವೆ, ಲಾಟ್ಕೆ ಎಲ್ಲ ಸ್ವಲ್ಪ ಸವೆದ ಜೋಕು ಅಂತ ನನಗೂ ಅನ್ನಿಸಿತು, ಕೊನೆ ಒಂದು ನಿಮಿಷ ಅವಸರ ಮಾಡಿದ್ದಾರೆ. ಕೆಟ್ಟ ಮನಸ್ಸು ಕಾಣಲಿಲ್ಲ.

ಬೇರೆ ಕಾರ್ಟೂನುಗಳಲ್ಲಿ ಗೋಲೆಮ್ ಬಂದಿದೆಯಾ?

ಬೇಕಾದಷ್ಟು. ತೊಂಬತ್ತರ ದಶಕದ 'ಗಾರ್ಗಾಯ್ಲ್ಸ್'ನಲ್ಲಿ ಪ್ರಾಗ್‌ನಲ್ಲೇ ನಡೆಯುವ ಗೋಲೆಮ್ ಕಂತು ಇದೆ, ಜೋಕು ಇಲ್ಲದ ಗಂಭೀರ ಕಥೆ ಬೇಕಾದರೆ ಅದು ನೋಡಿ. ಪೋಕೆಮಾನ್‌ನ ಗೋಲೆಮ್ ಹೆಸರಿಗಷ್ಟೇ.

ಚಿಕ್ಕ ಮಕ್ಕಳಿಗೆ ತೋರಿಸಬಹುದಾ?

ರಕ್ತ, ಸಾವು ಇದೆ. ಮೊದಲು ನೀವು ನೋಡಿ.

ಪ್ರಾಗ್‌ನ ಗೋಲೆಮ್ ಈಗ ಎಲ್ಲಿದೆ ಅಂತಾರೆ?

ಪ್ರಾಗ್‌ನ ಓಲ್ಡ್-ನ್ಯೂ ಸಿನಗಾಗ್‌ನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ, ಅಟ್ಟದಲ್ಲಿ. 13ನೇ ಶತಮಾನದ ಕಟ್ಟಡ, ಈಗಲೂ ಪ್ರಾರ್ಥನೆ ನಡೆಯುತ್ತದೆ. ಹಿಂದಿನ ಗೋಡೆಯಲ್ಲಿ ಅಟ್ಟಕ್ಕೆ ಹೋಗುವ ಕಬ್ಬಿಣದ ಮೆಟ್ಟಿಲು ಕಾಣಿಸುತ್ತವೆ, ಆದರೆ ನೆಲದಿಂದ ಸುಮಾರು ಮೂರು ಮೀಟರ್ ಎತ್ತರದವರೆಗೆ ಮೆಟ್ಟಿಲೇ ಇಲ್ಲ, ತೆಗೆದುಬಿಟ್ಟಿದ್ದಾರೆ. ಎಗೋನ್ ಎರ್ವಿನ್ ಕಿಶ್ ಅನ್ನುವ ಪ್ರಾಗ್‌ನ ಪತ್ರಕರ್ತ ಒಮ್ಮೆ ಹತ್ತಿ ನೋಡಿ ಬಂದು ಅಲ್ಲಿ ಗೋಲೆಮ್ ಇಲ್ಲ ಅಂತ ಬರೆದರು. ಅದರಿಂದ ನಂಬುವವರಿಗೇನೂ ತೊಂದರೆ ಆಗಲಿಲ್ಲ.

ಅಟ್ಟಕ್ಕೆ ಹಾಕಿದ್ದು ಯಾಕೆ ಅಂದರೆ, ಶುಕ್ರವಾರ ಸಂಜೆ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಶುರು. ಆಳುಗಳಿಗೂ ದನಕರುಗಳಿಗೂ ಅವತ್ತು ರಜೆ, ಹಾಗಾಗಿ ರಬ್ಬಿ ಪ್ರತಿ ಶುಕ್ರವಾರ ಗೋಲೆಮ್‌ನ ನಾಲಿಗೆ ಕೆಳಗಿನ ಚೀಟಿ ತೆಗೆದಿಡುತ್ತಿದ್ದರು. ಒಂದು ಶುಕ್ರವಾರ ಮರೆತರು. ಒಳಗೆ ಸಬ್ಬತ್ ಹಾಡು, 92ನೇ ಕೀರ್ತನೆ, ನಡೆಯುತ್ತಿದೆ. ಹೊರಗೆ ಗೋಲೆಮ್ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುತ್ತಿದೆ. ಹಾಡು ನಿಲ್ಲಿಸಿ ಅಂತ ಕೂಗಿ ರಬ್ಬಿ ಓಡಿದರು, ಚೀಟಿ ಕಿತ್ತರು, ಅದು ಮಣ್ಣಾಗಿ ಬಿತ್ತು. ವಾಪಸ್ ಬಂದು ಹಾಡನ್ನು ಮೊದಲಿನಿಂದ ಶುರು ಮಾಡಿಸಿದರು. ಆ ಸಿನಗಾಗ್‌ನಲ್ಲಿ ಆ ಕೀರ್ತನೆಯನ್ನು ಎರಡು ಸಲ ಹೇಳುವುದು ಅದಕ್ಕೇ ಅಂತ ಜನ ಹೇಳುತ್ತಾರೆ.